ಹಲಗೆ ಮೊದಲು, ಬಣ್ಣ ಆಮೇಲೆ

ಪ್ರಶ್ನೆ: ಭಾರತ ಹುಣ್ಣಿಮೆಗೆ ನಮ್ಮೂರಲ್ಲಿ ‘ಕರ್ಣಪರ್ವ’ ದೊಡ್ಡಾಟ (ರಾತ್ರಿಯಿಡೀ ಬಯಲಲ್ಲಿ ಆಡುವ ಹಾಡು-ಕುಣಿತದ ಆಟ) ಆಡೋಣ ಅಂತ ಹುಡುಗರೆಲ್ಲ ಸೇರಿದ್ದೇವೆ. ಊರಲ್ಲಿ ಆಟ ನಿಂತು ಬಹಳ ವರ್ಷವಾಯಿತು. ಸಮುದಾಯ ಭವನದಲ್ಲಿ ತಾಲೀಮು ಶುರುವಾಗಿದೆ. ಅಟ್ಟ (ಹಲಗೆಯ ರಂಗ), ಮೈಕು, ವೇಷ ಇವನ್ನೆಲ್ಲ ಯಾವಾಗ ಹೊಂದಿಸಿಕೊಳ್ಳಬೇಕು, ಮಾಸ್ತರೇ?
– ಓದುಗರೊಬ್ಬರು, ಕೂಡ್ಲಿಗಿ ತಾಲೂಕು

ಉತ್ತರ: ಮೊದಲು ಅಟ್ಟ ಕಟ್ಟು ತಮ್ಮಾ. ಆಟದ ಹಿಂದಿನ ದಿನ ಅಲ್ಲ, ಈಗಲೇ. ಟೈಲ್ಸ್ ಮೇಲೆ ಕಲಿತ ಕುಣಿತ ಹಲಗೆ ಮೇಲೆ ಬರೋದಿಲ್ಲ. ದೊಡ್ಡಾಟದಲ್ಲಿ ಹಲಗೆಯೂ ಒಂದು ವಾದ್ಯ. ಕರ್ಣ ಕಾಲೆತ್ತಿ ಬಿಟ್ಟರೆ ಕೊನೆಯಲ್ಲಿ ಕಂಬಳಿ ಹೊದ್ದು ತೂಕಡಿಸುವ ಅಜ್ಜನೂ ಎದ್ದು ಕೂರಬೇಕು. ಟೈಲ್ಸ್‌ನಲ್ಲಿ ಆ ಸದ್ದು ಹುಟ್ಟಲ್ಲ, ಮೊಣಕಾಲು ಮಾತ್ರ ನೋಯುತ್ತೆ. ಭವನದ ಗೋಡೆಗಳು ದನಿಯನ್ನು ತಿರುಗಿ ಕೊಡುತ್ತವೆ ನೋಡು, ಹುಡುಗರು ತಮಗೆ ಭಾರಿ ಗಂಟಲಿದೆ ಅಂದುಕೊಳ್ಳುತ್ತಾರೆ. ಬಯಲಿಗೆ ಬಂದ ದಿನ ಬಣ್ಣ ಬಯಲಾಗುತ್ತೆ.

ಎತ್ತರ 3 ಅಡಿ ಇದ್ದರೆ ಸಾಕು. ನೆಲದಲ್ಲಿ ಕೂತವರಿಗೆ ಕುಣಿಯುವವರ ಪಾದ ಕಾಣಬೇಕು. ರಾತ್ರಿ ಗಾಳಿ ಯಾವ ಕಡೆ ಬೀಸುತ್ತೆ ಅಂತ ನಾಲ್ಕು ದಿನ ನೋಡಿ. ಗಾಳಿ ಅಟ್ಟದಿಂದ ಜನರ ಕಡೆ ಹೋಗುವ ಹಾಗಿರಲಿ, ವಚನ, ಅಂದರೆ ಪಾತ್ರದ ಮಾತು, ತಾನಾಗಿ ಕೇಳಿಸುತ್ತೆ. ಹಲಗೆಗಳ ಸಂದಿನಲ್ಲಿ ಕಾಲ್ಬೆರಳು ಸಿಕ್ಕದ ಹಾಗೆ ಒತ್ತಿ ಜೋಡಿಸಿ. ಬಾಡಿಗೆಗೆ ಬರುವ ಸೆಂಟ್ರಿಂಗ್ ಹಲಗೆ ತುಂಬ ಹಳೇ ಮೊಳೆ ಇರುತ್ತವೆ. ಒಂದು ಹಳೇ ಪಂಚೆಯನ್ನು ಮೇಲೆ ಹಾಸಿ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಪಂಚೆ ಸಿಕ್ಕಿಕೊಂಡ ಕಡೆ ಮೊಳೆ ಇದೆ, ಬಡಿದು ಕೂರಿಸಿ. ಕುಣಿಯೋದು ಬರಿಗಾಲಲ್ಲಿ ಅಲ್ವಾ?

ವೇಷದವರು ಸಾಮಾನ್ಯವಾಗಿ ಆಟದ ಸಂಜೆಯೇ ಟ್ರಂಕ್ ಇಳಿಸುತ್ತಾರೆ. ಮೊದಲೇ ಮಾತಾಡಿ ಒಂದು ಜೊತೆ ಭುಜಕೀರ್ತಿ, ಕಿರೀಟ ತಂದಿಟ್ಟುಕೊಳ್ಳಿ. ಮರದ ಭುಜಕೀರ್ತಿ ಕಟ್ಟಿಕೊಂಡು ತಿರುಗಿದರೆ ಮೈಯ ಅಗಲವೇ ಬೇರೆ. ಕರ್ಣ, ಅರ್ಜುನ ಇಬ್ಬರೂ ಯುದ್ಧದಲ್ಲಿ ಸುತ್ತು ಹಾಕುವಾಗ ಒಬ್ಬರದು ಇನ್ನೊಬ್ಬರಿಗೆ ತಾಗಬಾರದು. ಕಂಕುಳ ಕೆಳಗೆ ದಾರ ಕೊರೆಯುತ್ತೆ, ಅಲ್ಲಿಗೊಂದು ಟವೆಲ್ ಮಡಚಿ ಇಡಿ.

ಇನ್ನು ಮೈಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ರಾತ್ರಿ 12ರವರೆಗೆ ಸಡಿಲಿಸಬಹುದು, ಅಷ್ಟೆ. ಠಾಣೆಗೆ ಮುಂಚೆಯೇ ಅರ್ಜಿ ಕೊಡಿ. ಬೆಳಗಿನವರೆಗೆ ಆಡುವವರು 12ರ ಮೇಲೆ ಮೈಕಿಲ್ಲದೆ ಆಡಲು ಈಗಿನಿಂದಲೇ ಗಂಟಲು ಪಳಗಿಸಿ. ಮೈಕು ಬರುವ ಮೊದಲೂ ಈ ಆಟ ರಾತ್ರಿಯಿಡೀ ನಡೆಯುತ್ತಿತ್ತು. ಅಷ್ಟಾಗದಿದ್ದರೆ ಸಂಜೆ 7ಕ್ಕೇ ಗಣಪತಿ ಪೂಜೆ ಮಾಡಿ ಆಟ ಚಿಕ್ಕದು ಮಾಡಿ. ಒಂದು ಮಾತು: ಎರಡೆರಡು ಸಲ ಹಾಡುವ ಪದಗಳನ್ನು ಕಡಿಮೆ ಮಾಡಿ, ಪಾತ್ರಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗಕ್ಕೆ ಮಾತ್ರ ಕತ್ತರಿ ಹಾಕಬೇಡಿ. ತೆರೆ ಹಿಂದಿನಿಂದ ಬಂದವನನ್ನು ಸಾರಥಿ (ಆಟದ ಹಾಸ್ಯಗಾರ) ‘ನೀವು ಯಾರು’ ಅಂತ ಕೇಳಿ ಮಾತಿಗೆಳೆಯೋದನ್ನು ನೋಡೋಕೇ ಅರ್ಧ ಊರು ಬರೋದು.

ಕರ್ಣ ಬೀಳುವ ಹೊತ್ತಿಗೆ ಬೆಳಗಿನ ಜಾವ ಆಗುತ್ತೆ. ಆ ಯುದ್ಧವನ್ನು ಒಂದೆರಡು ಸಲ ಸರಿಯಾಗಿ ಅದೇ ಹೊತ್ತಿಗೆ ಎದ್ದು ಆಡಿ ನೋಡಿ. ಮಂಜು ಬಿದ್ದ ಹಲಗೆ ಜಾರುತ್ತೆ, ಒರೆಸಲು ಒಣ ಗೋಣಿಚೀಲ ಇರಲಿ. ತಂಡಿಗೆ ಮದ್ದಳೆಯ ಸ್ವರವೂ ಇಳಿಯುತ್ತೆ. ಕುಂತಿ ಪಾತ್ರಕ್ಕೆ ಹೊರಗಿನ ಕಲಾವಿದೆಯನ್ನು ಕರೆಸುವುದಾದರೆ, ಕೊನೆಯ ತಾಲೀಮಿಗಾದರೂ ಬರಲಿ.

ಪ್ರಶ್ನೆ: ಮುಖವೀಣೆ ಊದುವವರು ಸಿಗುತ್ತಿಲ್ಲ. ಕೀಬೋರ್ಡ್ ಇಟ್ಟುಕೊಂಡರೆ ಆಗಲ್ವಾ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಬೇಡ. ಸಿಗದೇ ಹೋದರೆ ಹಾರ್ಮೋನಿಯಂ, ಮದ್ದಳೆ, ತಾಳದಲ್ಲೇ ನಡೆಸಿ. ಕೀಬೋರ್ಡಿಗೆ ಸ್ಪೀಕರ್ ಬೇಕು, 12ರ ಮೇಲೆ ಅದೂ ಬಾಯಿ ಮುಚ್ಚಬೇಕಾಗುತ್ತೆ. ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಅಲ್ಲಿ ವಿಚಾರಿಸಿ. ಊದುವವರು ಸಿಕ್ಕರೆ ತಾಲೀಮಿಗೂ ಬಸ್ ಚಾರ್ಜು, ಊಟ ಕೊಟ್ಟು ಕರೆಸಿ. ಆಟದ ರಾತ್ರಿ ಮಾತ್ರ ಬಂದರೆ ಅವರ ಶ್ರುತಿ ಒಂದು ಕಡೆ, ಪದ ಹಾಡುವ ನಿಮ್ಮ ಭಾಗವತರದು ಇನ್ನೊಂದು ಕಡೆ ಆಗುತ್ತೆ.