ಹೊಸ ಫಲಕಕ್ಕಾಗಿ ಕಾಯಬೇಕೆ?

ಪ್ರಶ್ನೆ: ಮನೆಯ ತಾರಸಿಯ ಮೇಲೆ ಮೂರು ಕಿಲೋವಾಟ್‌ನ ಸೋಲಾರ್ ಹಾಕಿಸಬೇಕೆಂದಿದ್ದೇನೆ. ಈಗಿನ ಫಲಕಗಳು ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತವೆಯಂತೆ. ಇನ್ನೂ ಉತ್ತಮವಾದವು ಬರುವವರೆಗೆ ಕಾಯಲೆ?
– ಓದುಗರೊಬ್ಬರು, ಶಿರಾ

ಉತ್ತರ: ತಾರಸಿಯಲ್ಲಿ ನೆರಳು ಬೀಳದ ಮುನ್ನೂರು ಚದರಡಿ ಜಾಗವಿದ್ದರೆ ಕಾಯಬೇಕಾದ ಕಾರಣ ನನಗೆ ಕಾಣುವುದಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಪ್ರದರ್ಶಿಸಿದ ಸಿಲಿಕಾನ್ ಕೋಶದ ದಕ್ಷತೆ ಶೇ. 6ರಷ್ಟಿತ್ತು, ಇಂದು ಮಾರುಕಟ್ಟೆಯಲ್ಲಿರುವ ಫಲಕಗಳದ್ದು ಶೇ. 20ರಿಂದ 23. ಸಿಲಿಕಾನ್ ಒಂದನ್ನೇ ನಂಬಿದರೆ ಶೇ. 29ರ ಆಸುಪಾಸಿಗಿಂತ ಮೇಲೇರಲು ಭೌತನಿಯಮಗಳೇ ಬಿಡುವುದಿಲ್ಲ. ಸಿಲಿಕಾನ್ ಮೇಲೆ ಪೆರೊವ್‌ಸ್ಕೈಟ್ ಎಂಬ ವಸ್ತುವಿನ ತೆಳುಪದರವನ್ನು ಕೂರಿಸಿದ ಜೋಡಿಕೋಶಗಳು ಪ್ರಯೋಗಾಲಯದಲ್ಲಿ ಶೇ. 34ನ್ನು ದಾಟಿರುವುದು ನಿಜ. ಆದರೆ ಆ ಪದರ ತೇವಕ್ಕೂ ಶಾಖಕ್ಕೂ ಬೇಗ ಹಾಳಾಗುವಂಥದು, ತಾರಸಿಯ ಫಲಕವೋ ಇಪ್ಪತ್ತೈದು ವರ್ಷ ಮಳೆಬಿಸಿಲಿಗೆ ಮೈಯೊಡ್ಡಿ ನಿಲ್ಲಬೇಕಾದದ್ದು. ಅಂದಹಾಗೆ, ಬಿಸಿಲು ಹೆಚ್ಚಿದಷ್ಟೂ ಲಾಭವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ: ಫಲಕದ ಉಷ್ಣತೆ 25 ಡಿಗ್ರಿ ಮೀರಿದ ಮೇಲೆ ಪ್ರತಿ ಡಿಗ್ರಿಗೆ ಉತ್ಪಾದನೆ ಶೇ. 0.3ರಿಂದ 0.4ರಷ್ಟು ತಗ್ಗುತ್ತದೆ.

ನನ್ನ ದೃಷ್ಟಿಯಲ್ಲಿ ಸೌರಶಕ್ತಿಯ ಮುಂದಿನ ಬೆಳವಣಿಗೆಯನ್ನು ನಿರ್ಧರಿಸುವುದು ದಕ್ಷತೆಗಿಂತ ಹೆಚ್ಚಾಗಿ ಸಂಗ್ರಹಣೆ. ನಿಮ್ಮ ಜಿಲ್ಲೆಯದೇ ಆದ ಪಾವಗಡದ ಸೌರ ಉದ್ಯಾನವನ್ನು ನೋಡಿ: ಸುಮಾರು 13,000 ಎಕರೆಯಲ್ಲಿ, ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದ ಜಮೀನಿನಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳಿವೆ, ಆದರೂ ಸಂಜೆ ಏಳಕ್ಕೆ, ಊರೆಲ್ಲ ದೀಪ ಹಚ್ಚುವ ಹೊತ್ತಿಗೆ, ಅಲ್ಲಿಂದ ಬರುವುದು ಸೊನ್ನೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಳಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಇಳಿಬಿಡುವ 2,000 ಮೆಗಾವಾಟ್‌ನ ಶರಾವತಿ ಯೋಜನೆ ಹುಟ್ಟಿಕೊಂಡದ್ದು ಇಂಥ ಕೊರತೆಯನ್ನು ತುಂಬುವುದಕ್ಕಾಗಿಯೇ. ಸಿಂಗಳೀಕಗಳ ಕಾಡಿಗೆ ಅದರಿಂದ ಒದಗಬಹುದಾದ ಹಾನಿಯನ್ನು ಮುಂದಿಟ್ಟು ಅದನ್ನು ವಿರೋಧಿಸುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಹಾಗಾಗಿ ಬ್ಯಾಟರಿಯ ಬೆಲೆ ಇಳಿಯುವುದರ ಮೇಲೆ ನನ್ನ ಭರವಸೆ ಹೆಚ್ಚು.

ನಿಮ್ಮ ಲೆಕ್ಕಕ್ಕೆ ಬರೋಣ. ಮೂರು ಕಿಲೋವಾಟ್‌ನಿಂದ ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯೂನಿಟ್ ಸಿಗುತ್ತದೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಈ ಗಾತ್ರಕ್ಕೆ 78,000 ರೂಪಾಯಿ ಸಹಾಯಧನವಿದೆ. ಒಂದು ವಿಷಯವನ್ನು ಮಾತ್ರ ಮೊದಲೇ ತಿಳಿದಿರಿ: ಬ್ಯಾಟರಿಯಿಲ್ಲದೆ ವಿದ್ಯುತ್ ಜಾಲಕ್ಕೆ ಜೋಡಿಸಿದ ಸೋಲಾರ್, ಕರೆಂಟ್ ಹೋದೊಡನೆ ನಡುಮಧ್ಯಾಹ್ನದಲ್ಲೂ ನಿಂತುಬಿಡುತ್ತದೆ. ತಂತಿ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ವಿದ್ಯುತ್ ತಗುಲಬಾರದೆಂದೇ ಈ ಏರ್ಪಾಡು. ಆದ್ದರಿಂದ, ಬೆಲೆ ತುಸು ಹೆಚ್ಚಾದರೂ ಹೈಬ್ರಿಡ್ ಇನ್ವರ್ಟರ್ ಕೊಂಡರೆ, ಬ್ಯಾಟರಿಯನ್ನು ಕೈಗೆಟುಕಿದಾಗ ಸೇರಿಸಿಕೊಳ್ಳಬಹುದು.