ಎಂಜಿನ್ ಇಳಿಸದೆ ಆಯಿಲ್ ಪಂಪ್ ಬದಲಿಸಬಹುದಾ?

ಪ್ರಶ್ನೆ: ನನ್ನದು ಹಳೇ ಆರು ಸಿಲಿಂಡರ್ ಲಾರಿ. ಪಾಂಡವಪುರದ ಕಡೆಯಿಂದ ಮಂಡ್ಯದ ಕಾರ್ಖಾನೆಗೆ ಕಬ್ಬು ಹೊಡೆಯುತ್ತೇನೆ. ಬೆಳಿಗ್ಗೆ ಎಲ್ಲಾ ಸರಿ ಇರುತ್ತದೆ. ಮಧ್ಯಾಹ್ನ ಲೋಡ್ ತಂದು ಕಾರ್ಖಾನೆ ಮುಂದೆ ಸಾಲಲ್ಲಿ ನಿಂತಾಗ ಆಯಿಲ್ ಲೈಟ್ ಮಿಣುಕುತ್ತದೆ. ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ. ಪಂಪ್ ಹೋಗಿದೆ, ಎಂಜಿನ್ ಇಳಿಸಬೇಕು ಅಂತಾರೆ ಮೆಕ್ಯಾನಿಕ್. ಸೀಸನ್‌ನಲ್ಲಿ ಗಾಡಿ ನಿಲ್ಲಿಸೋ ಹಾಗಿಲ್ಲ. ಇಳಿಸದೆ ಆಗಲ್ವಾ?

ಉತ್ತರ: ಆಗುತ್ತದೆ. ಆದರೆ ಪಂಪ್ ತರೋಕೆ ಹೋಗಬೇಡಿ, ಮೊದಲು ಪ್ರೆಷರ್ ಅಳೆಯಿರಿ. ಲೈಟಿನ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಗೇಜ್ ಹಾಕಿಸಿ. ಎಂಜಿನ್ ಚೆನ್ನಾಗಿ ಕಾದ ಮೇಲೆ ನೋಡಿ. ಉದಾಹರಣೆಗೆ ಕಮಿನ್ಸ್ ಬಿ ಸೀರೀಸ್ ಎಂಜಿನ್‌ಗೆ ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಕನಿಷ್ಠ 10 ಪಿಎಸ್‌ಐ, ಪೂರ್ತಿ ವೇಗದಲ್ಲಿ 30 ಇರಬೇಕು. ನಿಮ್ಮ ಎಂಜಿನ್ ಬೇರೆಯದಾದರೆ ಅದರ ಮ್ಯಾನ್ಯುಯಲ್‌ನ ಲೆಕ್ಕವೇ ಲೆಕ್ಕ. ಗೇಜ್ ಸರಿಯಾಗಿ ತೋರಿಸಿದರೆ ಸ್ವಿಚ್ ಒಂದೇ ಬದಲಿಸಿ, ಕಬ್ಬು ಹೊಡೀರಿ.

ಪ್ರೆಷರ್ ನಿಜಕ್ಕೂ ಕಡಿಮೆ ಇದ್ದರೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಡೀಸೆಲ್ ವಾಸನೆ, ಮಟ್ಟವೂ ಏರಿದೆ ಅಂದರೆ ಆಯಿಲ್‌ಗೆ ಡೀಸೆಲ್ ಸೇರಿ ತೆಳುವಾಗಿದೆ. ಅದಕ್ಕೆ ಪಂಪ್ ಏನು ಮಾಡೀತು? ಅದೂ ಇಲ್ಲ ಅಂದರೆ, ನೀವು ಹೇಳಿದ ಲಕ್ಷಣಕ್ಕೆ ಪಂಪ್‌ಗಿಂತ ಕ್ರ್ಯಾಂಕ್ ಶಾಫ್ಟಿನ ಬೇರಿಂಗ್ ಮೇಲೆ ನನಗೆ ಅನುಮಾನ ಜಾಸ್ತಿ. ಪಂಪ್ ಆಯಿಲ್ ತಳ್ಳುತ್ತದೆ, ಅಷ್ಟೆ. ಬೇರಿಂಗ್ ಸಂದಿ ಬಿಗಿಯಾಗಿದ್ದರೆ ಪ್ರೆಷರ್ ನಿಲ್ಲುತ್ತದೆ. ಸವೆದ ಸಂದಿಯಲ್ಲಿ ಕಾದ ತೆಳು ಆಯಿಲ್ ಸುಮ್ನೆ ಜಾರಿ ಹೋಗುತ್ತದೆ.

ಪಂಪೋ ಬೇರಿಂಗೋ, ಹೇಗಿದ್ದರೂ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿಯೇ ನೋಡಬೇಕು. ಕೆಲವು ಎಂಜಿನ್‌ಗಳಲ್ಲಿ, ಬಿ ಸೀರೀಸ್‌ನಲ್ಲೂ, ಪಂಪ್ ಮುಂದಿನ ಗೇರ್ ಕವರ್ ಹಿಂದೆ ಇರುತ್ತದೆ. ಪಂಪ್‌ಗೆ ಕವರ್ ಬಿಚ್ಚಿದರೆ ಸಾಕು, ಆದರೆ ಬೇರಿಂಗ್ ನೋಡೋಕೆ ಚೇಂಬರ್ ಇಳಿಸಲೇಬೇಕು. ಪಂಪ್ ಚೇಂಬರ್ ಒಳಗಿದ್ದರೆ ಕೆಲಸ ಕೆಳಗಿನಿಂದ.

ಬಿಸಿ ಇರುವಾಗಲೇ ಆಯಿಲ್ ಇಳಿಸಿ. ಮುಂದಿನ ಚಾಸಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೆಳಗೆ ಮಲಗಿದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚಾಸಿ ಮೇಲೆದ್ದರೆ ಆಕ್ಸಲ್ ಸ್ಪ್ರಿಂಗ್ ಪ್ಲೇಟಿನ ಜೊತೆ ಕೆಳಗೆ ಜೋತು ಬಿದ್ದು ಜಾಗ ಸಿಗುತ್ತದೆ. ಸಾಲದಿದ್ದರೆ ಮುಂದಿನ ಮೌಂಟಿಂಗ್ ಬೋಲ್ಟ್ ಬಿಚ್ಚಿ, ಚೈನ್ ಬ್ಲಾಕ್‌ನಿಂದ ಎಂಜಿನ್ ಮೂತಿಯನ್ನು ಒಂದೆರಡು ಇಂಚು ಎತ್ತಿ. ಫ್ಯಾನ್ ರೇಡಿಯೇಟರ್‌ಗೆ ತಾಗೀತು, ಹೋಸ್, ಸೈಲೆನ್ಸರ್ ಪೈಪ್, ಗೇರ್ ಲಿಂಕೇಜ್ ಎಳೆದುಕೊಂಡೀತು, ಮೊದಲೇ ಸಡಿಲ ಮಾಡಿ.

ಆದರೂ ಚೇಂಬರ್ ಪೂರ್ತಿ ಹೊರಗೆ ಬರದೆ, ಒಳಗಿನ ಪಂಪೇ ಅಡ್ಡ ನಿಲ್ಲಬಹುದು. ಆಗ ಸಂದಿಯಲ್ಲಿ ಕೈ ಹಾಕಿ ಪಂಪಿನ ಬೋಲ್ಟ್ ಬಿಚ್ಚಿ, ಪಂಪನ್ನು ಚೇಂಬರ್ ಒಳಗೇ ಬಿಡಿ. ಎರಡನ್ನೂ ಒಟ್ಟಿಗೆ ಜಾರಿಸಿ. ಮೊಣಕೈವರೆಗೆ ಆಯಿಲ್ ಆಗುತ್ತದೆ, ಕೆಲಸವೂ ಆಗುತ್ತದೆ.

ಈಗ ಪಂಪ್ ಆಯಿಲ್ ಎಳೆಯುವ ಬಾಯಿಯ ಸ್ಟ್ರೈನರ್ ನೋಡಿ. ಹಿಂದೆ ಯಾರೋ ಪ್ಯಾಕಿಂಗ್‌ಗೆ ಬಳಿದ ಗಮ್ ಉದುರಿ ಜಾಲರಿಗೆ ಮೆತ್ತಿರಬಹುದು. ಸಕ್ಷನ್ ಪೈಪಿನ ಜಾಯಿಂಟ್ ಗಾಳಿ ಎಳೆಯುತ್ತಿರಬಹುದು. ಹೆಚ್ಚಾದ ಪ್ರೆಷರ್ ಬಿಡುವ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ಕೂತಿರಬಹುದು. ನಂತರ ಒಂದೆರಡು ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕ್‌ಗೆ ಹಿಡಿಯುವ ಮುಚ್ಚಳ) ಬಿಚ್ಚಿಸಿ. ಒಳಗಿನ ಬೇರಿಂಗ್ ಮೇಲಿನ ಬೆಳ್ಳಿ ಬಣ್ಣದ ಪದರ ಸವೆದು ತಾಮ್ರ ಕಂಡರೆ ಬೇರಿಂಗ್ ಮುಗಿದಿದೆ. ಬೇರಿಂಗನ್ನೂ ಕೆಳಗಿನಿಂದಲೇ ಹಾಕಬಹುದು, ಕ್ರ್ಯಾಂಕ್ ನುಣುಪಾಗಿದ್ದರೆ ಮಾತ್ರ. ಉಗುರಿಗೆ ಗೀರು ಸಿಕ್ಕಿದರೆ ಲೇತ್‌ಗೆ ಹೋಗಬೇಕು. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಎಂಜಿನ್ ಇಳಿಯಲೇಬೇಕು.

ಹೊಸ ಪಂಪ್ ಒಣಗಿದ್ದರೆ ಆಯಿಲ್ ಎಳೆಯದೇ ಇರಬಹುದು. ಒಳಗೆ ಎಂಜಿನ್ ಆಯಿಲ್ ತುಂಬಿ, ಗೇರ್ ಕೈಯಲ್ಲಿ ತಿರುಗಿಸಿ, ಆಮೇಲೆ ಕೂರಿಸಿ. ಬೋಲ್ಟ್ ಬಿಗಿ ಟಾರ್ಕ್ ರೆಂಚ್‌ನಲ್ಲೇ ಆಗಲಿ. ಪ್ಯಾಕಿಂಗ್‌ಗೆ ಗಮ್ ತೆಳುವಾಗಿರಲಿ. ಎಂಜಿನ್ ಆಫ್ ಮಾಡುವ ಸ್ಟಾಪ್ ಕೇಬಲ್ ಎಳೆದು ಹಿಡಿದು ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಸಿ. ಗೇಜಿನ ಮುಳ್ಳು ಏಳುವ ತನಕ ಎಂಜಿನ್ ಸ್ಟಾರ್ಟ್ ಆಗಕೂಡದು.