ಲೋಣಾವಳದ ಮೀನುಮರಿಗಳನ್ನು ಕಾವೇರಿಗೆ ಬಿಟ್ಟರೆ ದೈತ್ಯ ಮಹಶೀರ್ ಉಳಿಯುತ್ತದೆಯೇ?

ಇಲ್ಲ. ಪುಣೆಯ ನಮ್ಮ ಕನ್ನಡಿಗರಲ್ಲಿ ಲೋಣಾವಳದ ವಲವಣ ಮೀನುಮರಿ ಕೇಂದ್ರದ ಬಗ್ಗೆ ಅಭಿಮಾನವಿರುವುದು ಸಹಜ. 1970ರ ದಶಕದಿಂದ ಅಲ್ಲಿ ಮಹಶೀರ್ ಎಂಬ ಸಿಹಿನೀರಿನ ದೊಡ್ಡ ಮೀನಿನ ತಳಿ ಬೆಳೆಸುತ್ತಿದ್ದಾರೆ. ಆದರೆ ಅಲ್ಲಿಂದ ಹೆಚ್ಚಾಗಿ ಹೊರಟಿದ್ದು ನೀಲಿ ರೆಕ್ಕೆಯ ಮಹಶೀರ್. 1839ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಜಾತಿಯ ತವರು ನಮ್ಮ ಮುಳಾ-ಮುಠಾ ನದಿ. ಕಾವೇರಿಯ ದೈತ್ಯನೇ ಬೇರೆ: ಕಿತ್ತಳೆ ರೆಕ್ಕೆ, ತಲೆಯ ಹಿಂದೆ ಏರಿದ ಡುಬ್ಬ, 50 ಕಿಲೋ ದಾಟಬಲ್ಲ ಮೈ.

ನೀಲಿ ರೆಕ್ಕೆಯ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟರು. ಅವು ಅಲ್ಲಿ ಬೇರೂರಿದವು, ಸ್ಥಳೀಯ ಜಾತಿ ಹಿಂದೆ ಸರಿಯಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವ ಹೇಯ ಚಾಳಿ ಉಳಿದ ಕೆಲಸ ಮುಗಿಸುತ್ತಿವೆ. 2018ರಿಂದ ಡುಬ್ಬದ ಮಹಶೀರ್ ‘ತೀವ್ರ ಅಪಾಯದಲ್ಲಿರುವ’ ಜಾತಿಗಳ ಪಟ್ಟಿಯಲ್ಲಿದೆ. ‘ಮಹಶೀರ್ ಬಿಟ್ಟೆವು’ ಎಂಬ ಸರ್ಕಾರಿ ಪ್ರಕಟಣೆ ಓದಿದಾಗ ಯಾವ ಮಹಶೀರ್ ಎಂದು ಕೇಳಬೇಕಾದದ್ದು ಅದಕ್ಕೇ.

ಹಾಗಾದರೆ ಮಾಡುವುದೇನು? ಮೊದಲು ಹೊರಗಿನ ಮರಿ ಬಿಡುವುದನ್ನು ನಿಲ್ಲಿಸಬೇಕು. ನೀಲಗಿರಿ ಕಡೆಯ ಮೋಯಾರ್ ನದಿಯಲ್ಲಿ ಉಳಿದಿರುವ ಡುಬ್ಬದ ಮೀನುಗಳನ್ನು ಕಾಯಬೇಕು. ಮುಂದೆ ತಳಿ ಬೆಳೆಸುವುದಾದರೂ ಆ ಜಾತಿಯಿಂದಲೇ ಆಗಬೇಕು. ಮೊಟ್ಟೆಯಿಡುವ ಕಾಲಕ್ಕೆ ಅಣೆಕಟ್ಟಿನಿಂದ ನೀರು ಹರಿಯಬೇಕು. ಶೃಂಗೇರಿ, ಶಿಶಿಲದಂತೆ ದೇವರ ಹೆಸರಿನಲ್ಲಿ ಮೀನು ಹಿಡಿಯದ ಮಡುಗಳು ದೊಡ್ಡ ಆಸರೆಯೇ, ಆದರೆ ಮಡುವಿನ ಮೇಲ್ಭಾಗದಲ್ಲಿ ಕೊಳಚೆ ಸೇರಿದರೆ ಭಕ್ತರು ಎಸೆಯುವ ಮಂಡಕ್ಕಿಯಿಂದ ಮೀನು ಬದುಕದು.